ರೇಷ್ಮೆಗೂಡಿನೊಳಗಿನ ಹೆಣ್ಣು-ಗಂಡು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ರೇಷ್ಮೆ ಬೆಳೆಗಾರರು ಸಾಕುವ ಮಿಶ್ರತಳಿ ಹುಳುವಿನ ಮೊಟ್ಟೆ ತಯಾರಾಗುವುದು ಬಿತ್ತನೆ ಕೋಠಿಯಲ್ಲಿ. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬೈವೋಲ್ಟೀನ್ ತಳಿಯ ಗಂಡನ್ನೇ ಕೂಡಿಸಬೇಕು. ಅದಕ್ಕಾಗಿ ಚಿಟ್ಟೆ ಹೊರಬರುವ ಮೊದಲೇ ಗೂಡು ಕತ್ತರಿಸಿ, ಕೋಶದ ಹೊಟ್ಟೆಯ ತುದಿಯಲ್ಲಿರುವ ಗುರುತು ನೋಡಿ, ಹೆಣ್ಣು-ಗಂಡುಗಳನ್ನು ಕೈಯಿಂದಲೇ ಬೇರೆ ಮಾಡುತ್ತಾರೆ. ಆ ಗುರುತಿನ ಹಿಂದೆ ಯಾವ ಆಜ್ಞೆಯಿದೆ ಎಂದು ತಿಳಿಯಲು ವಿಜ್ಞಾನಕ್ಕೆ ಶತಮಾನವೇ ಹಿಡಿಯಿತು.

1905ರಲ್ಲಿ ನೆಟ್ಟಿ ಸ್ಟೀವನ್ಸ್ ಹಿಟ್ಟುಹುಳುವಿನಲ್ಲಿ ವೈ ವರ್ಣತಂತುವನ್ನು ಗುರುತಿಸಿದರು. ಲಿಂಗ ನಿರ್ಧರಿಸುವ ಎಕ್ಸ್ ಮತ್ತು ವೈ ಒಂದು ಕಾಲಕ್ಕೆ ಸಾಮಾನ್ಯ ಜೋಡಿಯೇ ಆಗಿದ್ದವು, ವೈ ಕ್ರಮೇಣ ಸವೆಯಿತು ಎಂಬ ವಾದವನ್ನು 1967ರಲ್ಲಿ ಸುಸುಮು ಓನೊ ವಿಸ್ತಾರವಾಗಿ ಮಂಡಿಸಿದರು. ಲಿಂಗ ವರ್ಣತಂತುಗಳ ಬದಲಾವಣೆ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಬಿಳಿಗಿರಿರಂಗನ ಬೆಟ್ಟದ ಕಾಡುಕುರಿಯೇ ಸಾಕ್ಷಿ. ಹೆಣ್ಣಿಗೆ 6 ವರ್ಣತಂತು, ಗಂಡಿಗೆ 7. ಅದರಲ್ಲಿ ಎಕ್ಸ್ ಬೇರೊಂದು ವರ್ಣತಂತುವಿನೊಡನೆ ಬೆಸೆದುಕೊಂಡಿದೆ.

ಒಂದು ಲಿಂಗದಲ್ಲಿ ಎರಡು ಎಕ್ಸ್, ಇನ್ನೊಂದರಲ್ಲಿ ಒಂದೇ. ಜೀವಕೋಶ ಇದನ್ನು ಹೇಗೆ ಸರಿದೂಗಿಸುತ್ತದೆ? ಸಸ್ತನಿಯ ಹೆಣ್ಣಿನಲ್ಲಿ ಒಂದು ಎಕ್ಸ್ ಮೌನವಾಗುತ್ತದೆ ಎಂದು ಮೇರಿ ಲಯನ್ 1961ರಲ್ಲಿ ಹೇಳಿದರು. ಹಣ್ಣುನೊಣದಲ್ಲಿ ಗಂಡಿನ ಒಂದೇ ಎಕ್ಸ್ ದುಪ್ಪಟ್ಟು ದುಡಿಯುತ್ತದೆಂದು 1965ರಲ್ಲಿ ತೋರಿಸಿದವರಲ್ಲಿ ಎ. ಎಸ್. ಮುಖರ್ಜಿ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಶರತ್ ಚಂದ್ರ, ಸ್ಪೆನ್ಸರ್ ಬ್ರೌನ್ ಜೊತೆಗೂಡಿ, ಸಸ್ತನಿಯ ಎಕ್ಸ್ ಮೇಲೆ ಬೀಳುವ ತಂದೆ-ತಾಯಿಯ ಮುದ್ರೆಯ ಬಗ್ಗೆ 1975ರಲ್ಲಿ ಬರೆದರು.

ನೊಣ, ಇಲಿಗಳ ಮೇಲಿದ್ದ ಈ ಗಮನದಲ್ಲಿ ರೇಷ್ಮೆಹುಳು ಬದಿಗೆ ಸರಿಯಿತು. ಅದು ಅನ್ಯಾಯ. ಅದರ ಲೆಕ್ಕವೇ ತಿರುವುಮುರುವು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಝಡ್ ಎಷ್ಟೇ ಇದ್ದರೂ ಡಬ್ಲ್ಯು ಇದ್ದರೆ ಹೆಣ್ಣು ಎಂದು ಜಪಾನಿನ ಹಾಶಿಮೊಟೊ 1933ರಲ್ಲೇ ಕಂಡುಕೊಂಡಿದ್ದರು. ಹುಳುವಿನ ಮೈಗುರುತಿನ ಜೀನ್ ಇರುವ ತುಂಡನ್ನು ವಿಜ್ಞಾನಿ ತಾಜಿಮಾ ಎಕ್ಸ್-ಕಿರಣದ ನೆರವಿನಿಂದ ಡಬ್ಲ್ಯುಗೆ ಅಂಟಿಸಿದರು. ಗುರುತಿದ್ದ ಹುಳು ಹೆಣ್ಣು, ಇಲ್ಲದ್ದು ಗಂಡು. ಇದೇ ತತ್ವದ ತಳಿಗಳನ್ನು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯೂ ರೂಪಿಸಿದೆ.

ಹೈದರಾಬಾದಿನಲ್ಲಿದ್ದ ಜೆ. ನಾಗರಾಜು ಅವರ ತಂಡ 2009ರಲ್ಲಿ ವಿಕಾಸದ ಒಂದು ಸುಳಿವು ಕೊಟ್ಟಿತು: ವೃಷಣದಲ್ಲಷ್ಟೇ ಕೆಲಸಮಾಡುವ ಜೀನ್‌ಗಳು ಝಡ್ ಮೇಲೆ ಹೆಚ್ಚಾಗಿ ಸೇರಿಕೊಂಡಿವೆ. ಝಡ್ ತನ್ನ ಕಾಲದ ಮೂರರಲ್ಲಿ ಎರಡು ಪಾಲು ಗಂಡಿನ ಮೈಯಲ್ಲೇ ಕಳೆಯುವುದರಿಂದ, ಗಂಡಿಗೆ ಒದಗುವ ಜೀನ್‌ಗಳು ಅಲ್ಲಿ ನೆಲೆಯೂರುವುದು ಸಹಜ.

ಡಬ್ಲ್ಯುವಿನ ಆಜ್ಞೆ 2014ರಲ್ಲಿ ಸಿಕ್ಕಿತು. ಟೋಕಿಯೊ ವಿಶ್ವವಿದ್ಯಾಲಯದ ಕಿಯುಚಿ, ಕಟ್ಸುಮಾ ತಂಡ ಹುಡುಕಿದ್ದು ಪ್ರೋಟೀನನ್ನಲ್ಲ, 30 ಅಕ್ಷರದಷ್ಟಿರುವ ಪುಟ್ಟ ಆರ್‌ಎನ್‌ಎಯನ್ನು. ಅದು ಝಡ್ ಮೇಲಿರುವ 'ಮಾಸ್ಕ್' ಜೀನಿನ ಸಂದೇಶವನ್ನು ಕತ್ತರಿಸಿಹಾಕುತ್ತದೆ, ಭ್ರೂಣ ಹೆಣ್ಣಾಗುತ್ತದೆ. ಗಂಡಿನಲ್ಲಿ ಮಾಸ್ಕ್ ಎರಡು ಕೆಲಸ ನಿಭಾಯಿಸುತ್ತದೆ: ಗಂಡುತನ ರೂಪಿಸುವುದು, ಎರಡು ಝಡ್‌ಗಳ ಅಬ್ಬರ ತಗ್ಗಿಸುವುದು. ರೇಷ್ಮೆಹುಳುವಿನಲ್ಲಿ ಸರಿದೂಗಿಕೆಯೇ ಇಲ್ಲವೆಂದು ಮೊದಲು ನಂಬಿದ್ದರು. 2011ರ ಮರುವಿಶ್ಲೇಷಣೆ ಅದನ್ನು ಅಲುಗಿಸಿತ್ತು, ಮಾಸ್ಕ್ ಅದಕ್ಕೆ ಕಾರಣ ಒದಗಿಸಿತು. ಹೆಣ್ಣಿನ ಝಡ್ ದುಡಿಮೆ ಹೆಚ್ಚುವುದಿಲ್ಲ, ಗಂಡಿನದು ಇಳಿಯುತ್ತದೆ. ಹಾಗಾಗಿ ಎರಡೂ ಲಿಂಗಗಳಲ್ಲಿ ಝಡ್ ಉಳಿದ ವರ್ಣತಂತುಗಳಿಗಿಂತ ತಗ್ಗಿದ ದನಿಯಲ್ಲೇ ಕೆಲಸ ಮಾಡುತ್ತದೆ.