ಪರದೇಶದಲ್ಲಿ ಸಂತಾನಾನ್ವೇಷಣೆ

ದೇವಕಿಯು ಹೆತ್ತಳು, ಯಶೋದೆಯು ಸಾಕಿದಳು. ಇಬ್ಬರು ತಾಯಂದಿರ ಮಗನ ಕಥೆಯು ವಾಚಕರೆಲ್ಲರಿಗೂ ವಿದಿತವಾದುದು. ಆದರೆ 2008ನೆಯ ಇಸವಿಯ ಜುಲೈ ತಿಂಗಳಲ್ಲಿ ಗುಜರಾತದ ಆಣಂದ ಪಟ್ಟಣದಲ್ಲಿ ಜನಿಸಿದ ಒಂದು ಹೆಣ್ಣುಶಿಶುವಿಗೆ ಮೂವರು ಸ್ತ್ರೀಯರ ಸಂಬಂಧವಿದ್ದರೂ ತಾಯಿಯೆನ್ನಿಸಿಕೊಳ್ಳುವವರು ಒಬ್ಬರೂ ಇರಲಿಲ್ಲ.

ಇದರ ಪೂರ್ವವೃತ್ತಾಂತವನ್ನು ಅರಿಯುವುದು ಅವಶ್ಯ. ಹೆತ್ತವಳೇ ತಾಯಿಯೆಂದು ಜಪಾನಿನ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ನಿರ್ಣಯಿಸಿತ್ತು. ಅಲ್ಲಿಯ ಪ್ರಸೂತಿ ವೈದ್ಯರ ಸಂಘವು ಬಾಡಿಗೆ ತಾಯ್ತನವನ್ನು ನಿಷೇಧಿಸಿತ್ತು. ಜರ್ಮನಿಯಲ್ಲಿ 1991ರಿಂದ ಜಾರಿಯಲ್ಲಿರುವ ಕಾಯಿದೆಯೂ ವೈದ್ಯರಿಗೆ ಅಡ್ಡಬಂದಿತು. ಭಾರತದಲ್ಲಾದರೋ ವೈದ್ಯಕೀಯ ಸಂಶೋಧನಾ ಮಂಡಲಿಯು 2005ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಹೊರತು ಶಾಸನವೇ ಇರಲಿಲ್ಲ, ವೆಚ್ಚವೂ ಅಲ್ಪ. ಆದುದರಿಂದ ಸ್ವದೇಶದಲ್ಲಿ ದಾರಿಗಾಣದ ದಂಪತಿಗಳು ಇಲ್ಲಿಗೆ ಬರತೊಡಗಿದರು.

ಮೇಲೆ ಹೇಳಿದ ಶಿಶುವು ಹುಟ್ಟುವ ಮುನ್ನವೇ ಅದನ್ನು ಬಯಸಿ ಬಂದಿದ್ದ ಜಪಾನೀ ದಂಪತಿಗಳು ವಿವಾಹವನ್ನು ಮುರಿದುಕೊಂಡರು. ಪತ್ನಿಯು ಒಲ್ಲೆನೆಂದಳು, ಅಂಡವನ್ನಿತ್ತವಳು ಅಜ್ಞಾತಳು, ಹೆತ್ತವಳ ಹೊಣೆಯು ಒಪ್ಪಂದದಂತೆ ತೀರಿತ್ತು. ತಂದೆಯು ಬೇಕೆಂದರೂ ಶಿಶುವಿಗೆ ರಹದಾರಿಯಿಲ್ಲ. ವೃದ್ಧೆಯಾದ ಅಜ್ಜಿಯು ಕಡಲು ದಾಟಿ ಬಂದು ಅದನ್ನು ಕಾದಳು. ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯವಹಾರವು ನಡೆದು, ಗುರುತಿನ ಪತ್ರವೊಂದು ದೊರೆತು, ಮೂರು ತಿಂಗಳು ಕಳೆದ ಮೇಲೆ ಶಿಶುವು ಜಪಾನಿಗೆ ತೆರಳಿತು. ಅದೇ ವರ್ಷ ಜನಿಸಿದ ಜರ್ಮನ್ ದಂಪತಿಗಳ ಅವಳಿಮಕ್ಕಳು 2010ರವರೆಗೂ ಇಲ್ಲಿಯೇ ನಿಲ್ಲಬೇಕಾಯಿತು.

ತರುವಾಯ 2012ರಲ್ಲಿ ನಮ್ಮ ಸರಕಾರವು, ಶಿಶುವಿಗೆ ಪ್ರವೇಶ ಕೊಡುವೆವೆಂದು ಸ್ವದೇಶದ ಪತ್ರವನ್ನು ಮುಂಚೆಯೇ ತಂದ ವಿವಾಹಿತರಿಗೆ ಮಾತ್ರ ಅನುಮತಿಯೆಂದು ವಿಧಿಸಿತು. 2015ರಲ್ಲಿ ವಿದೇಶೀಯರಿಗೆ ಬಾಗಿಲನ್ನೇ ಮುಚ್ಚಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಶಾಸನವು ಹಣಕ್ಕಾಗಿ ನಡೆಯುವ ಬಾಡಿಗೆ ತಾಯ್ತನವನ್ನು ಸ್ವದೇಶೀಯರಿಗೂ ನಿಷೇಧಿಸಿತು.

ಇಲ್ಲಿಗೆ ವ್ಯಾಪಾರವು ನಿಂತಿತೆ? ಇಲ್ಲ. ಒಂದೆಡೆ ಕಟ್ಟೆ ಹಾಕಿದರೆ ನೀರು ಮತ್ತೊಂದೆಡೆ ಹರಿಯುವುದಷ್ಟೆ. 2012ರ ನಿಯಮದ ಬಳಿಕ ಭಾರತದ ಸ್ತ್ರೀಯರೇ ಪ್ರಸವಕ್ಕಾಗಿ ನೇಪಾಳಕ್ಕೆ ಹೋದುದುಂಟು. 2015ರಲ್ಲಿ ಆ ದೇಶದ ನ್ಯಾಯಾಲಯವೂ ತಡೆಹಾಕಬೇಕಾಯಿತು. ಮನೆಯಿಂದ ಇನ್ನೂ ದೂರದಲ್ಲಿ ಹೆರಬೇಕಾದ ಬಡವಿಗೆ ಈ ಸ್ಥಳಾಂತರದಿಂದ ಯಾವ ರಕ್ಷಣೆಯೂ ದೊರೆಯಲಿಲ್ಲ.

ಸಂತಾನಾಪೇಕ್ಷೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಗರ್ಭವು ನಿಲ್ಲುವ ಮುನ್ನವೇ ಶಿಶುವಿನ ತಂದೆತಾಯಿಗಳಾರು, ದೇಶವಾವುದು ಎಂಬುದು ಎರಡೂ ರಾಜ್ಯಗಳಲ್ಲಿ ಇತ್ಯರ್ಥವಾಗಿರಬೇಕು. ಹೆರುವವಳ ಆರೋಗ್ಯದ ಹೊಣೆಯು ಪ್ರಸವದೊಂದಿಗೆ ಮುಗಿಯಕೂಡದು. ಆ ಅಜ್ಜಿಯು ಮೊಮ್ಮಗಳನ್ನು ಕೈಬಿಡಲಿಲ್ಲ. ಪ್ರತಿ ಶಿಶುವಿಗೂ ಅಂಥ ಅಜ್ಜಿಯಿರುವಳೆಂದು ನಂಬಿ ರಾಜ್ಯಗಳು ಸುಮ್ಮನಿರುವುದು ಧರ್ಮವಲ್ಲ.