ಸೋಲದ ತಂಡಕ್ಕೆ ಸಿಗದ ಆಹ್ವಾನ

1951ರ ನವೆಂಬರ್ 24. ಲಾಸ್ ಏಂಜಲೀಸ್ ಪಕ್ಕದ ಪಸಡೀನಾದಲ್ಲಿರುವ ರೋಸ್ ಬೌಲ್ ಕ್ರೀಡಾಂಗಣ. ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅಂದು ಲೊಯೊಲಾ ವಿಶ್ವವಿದ್ಯಾಲಯವನ್ನು 20-2ರಿಂದ ಮಣಿಸಿತು. ಅದು ಆ ಋತುವಿನ ಒಂಬತ್ತನೆಯ ಪಂದ್ಯ, ಒಂಬತ್ತನೆಯ ಗೆಲುವು. ಸೋಲಿಲ್ಲ, ಸಮ ಫಲಿತಾಂಶವೂ ಇಲ್ಲ. ಹುಡುಗರಿಗೆ ಇನ್ನು ಉಳಿದಿದ್ದ ಆಸೆ ಒಂದೇ: ಹೊಸ ವರ್ಷದ ದೊಡ್ಡ ಪಂದ್ಯಗಳಲ್ಲಿ ಒಂದಕ್ಕೆ ಆಹ್ವಾನ.

ಆ ಆಹ್ವಾನ ಬರಲೇ ಇಲ್ಲ. ಕೆಲವೇ ವಾರಗಳಲ್ಲಿ ತಂಡವೇ ಇಲ್ಲವಾಯಿತು. ಎಲ್ಲ ಪಂದ್ಯಗಳನ್ನೂ ಗೆದ್ದು ಮನೆಗೆ ಹೋದ ಈ ತಂಡದ ಕಥೆಯನ್ನು ಅಮೆರಿಕ ಅರ್ಧ ಶತಮಾನದ ನಂತರವಷ್ಟೇ ಸರಿಯಾಗಿ ಕೇಳಿಸಿಕೊಂಡಿತು.

ಇದು ಬೇರೆ ಫುಟ್‌ಬಾಲ್

ನಾವು ಫುಟ್‌ಬಾಲ್ ಎನ್ನುವುದನ್ನು ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹನ್ನೊಂದು ಮಂದಿಯ ಎರಡು ತಂಡಗಳು ನೂರು ಗಜ ಉದ್ದದ ಅಂಗಳದಲ್ಲಿ ಸೆಣಸುತ್ತವೆ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಕನಿಷ್ಠ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಅಂಗಳದ ತುದಿಯ ಗೆರೆ ದಾಟಿಸಿದರೆ ‘ಟಚ್‌ಡೌನ್’, ಆರು ಅಂಕ. ತಡೆಯುವವರು ಮೈಮೇಲೆ ಬಿದ್ದೇ ತಡೆಯುತ್ತಾರೆ.

ಅಮೆರಿಕದಲ್ಲಿ ಈ ಆಟ ಬೆಳೆದದ್ದು ಕಾಲೇಜುಗಳಲ್ಲಿ. ಐವತ್ತರ ದಶಕದ ಆರಂಭದಲ್ಲಿ ವೃತ್ತಿಪರ ತಂಡಗಳಿಗಿಂತ ವಿಶ್ವವಿದ್ಯಾಲಯಗಳ ತಂಡಗಳಿಗೇ ಹೆಚ್ಚಿನ ಮರ್ಯಾದೆ. ಋತು ಸೆಪ್ಟೆಂಬರಿನಲ್ಲಿ ಶುರುವಾಗಿ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಆಮೇಲೆ ಹೊಸ ವರ್ಷದ ಸುಮಾರಿಗೆ ‘ಬೌಲ್’ ಪಂದ್ಯಗಳು. ಬಟ್ಟಲಿನಾಕಾರದ ಕ್ರೀಡಾಂಗಣಗಳಿಂದ ಬಂದ ಹೆಸರು ಅದು. ಈ ಪಂದ್ಯಗಳಿಗೆ ತಂಡಗಳನ್ನು ಆರಿಸುತ್ತಿದ್ದುದು ಆಯಾ ಊರಿನ ಸಂಘಟನಾ ಸಮಿತಿಗಳು. ಆಹ್ವಾನ ಸಿಕ್ಕರೆ ಕೀರ್ತಿಯ ಜೊತೆಗೆ ಕೈತುಂಬ ಹಣ.

ಒಂಬತ್ತಕ್ಕೆ ಒಂಬತ್ತು

ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ ಕ್ರೈಸ್ತ ಜೆಸ್ವಿಟ್ ಪಾದ್ರಿಗಳು ನಡೆಸುವ ಸಣ್ಣ ಸಂಸ್ಥೆ. ಅದರ ಆಟಗಾರರನ್ನು ‘ಡಾನ್ಸ್’ ಎಂದು ಕರೆಯುತ್ತಾರೆ. ಆಗ ತಂಡದ ತರಬೇತುದಾರ ಜೋ ಕುಹಾರಿಚ್. ಬೇಸಿಗೆಯಲ್ಲೇ ಹುಡುಗರನ್ನು ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದು ಸುಡುಬಿಸಿಲಿನಲ್ಲಿ ದಣಿಸಿದ್ದ ಕಟ್ಟುನಿಟ್ಟಿನ ಮನುಷ್ಯ. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಪೀಟ್ ರೋಜೆಲ್ ಎಂಬ ತರುಣನದು.

ತಂಡದ ಬೆನ್ನೆಲುಬಾಗಿ ನಿಂತವರು ಹಲವರು. ಗೀನೊ ಮಾರ್ಕೆಟಿ ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ರಣರಂಗ ಕಂಡು ಬಂದವನು. ಬಾಬ್ ಸೇಂಟ್ ಕ್ಲೇರ್ ಆಜಾನುಬಾಹು. ಕಪ್ಪು ಜನಾಂಗದವರು ಇಬ್ಬರೇ: ಓಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, ಟೋಲರ್ ಟೆನೆಸಿಯ ಮೆಂಫಿಸ್‌ನವನು. ಇಬ್ಬರೂ ದಕ್ಷಿಣದ ರಾಜ್ಯಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು, ಸ್ಯಾನ್‌ಫ್ರಾನ್ಸಿಸ್ಕೊದ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ, ಈ ವಿಶ್ವವಿದ್ಯಾಲಯ ಸೇರಿದ್ದರು.

ಮೊದಲ ಪಂದ್ಯದಲ್ಲೇ ಸ್ಯಾನ್ ಹೋಸೆ ಸ್ಟೇಟ್ ವಿರುದ್ಧ 39-2. ಮುಂದೆ ಐಡಹೊ, ಸೇನೆಯ ಕ್ಯಾಂಪ್ ಪೆಂಡಲ್ಟನ್, ಸಾಂಟಾ ಕ್ಲಾರಾ ಒಂದೊಂದಾಗಿ ಮಣಿದವು. ತುರುಸಿನ ಸ್ಪರ್ಧೆ ಎದುರಾದದ್ದು ನ್ಯೂಯಾರ್ಕಿನಲ್ಲಿ, ಫೋರ್ಡಮ್ ವಿಶ್ವವಿದ್ಯಾಲಯದ ಎದುರು. ಆರಂಭಿಕ ಒದೆತದ ಚೆಂಡನ್ನು ಹಿಡಿದು ಮ್ಯಾಟ್ಸನ್ ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಯಾರ ಕೈಗೂ ಸಿಗದೆ ಓಡಿ ಟಚ್‌ಡೌನ್ ಗಳಿಸಿದ. ಪಂದ್ಯ 32-26ರಿಂದ ಡಾನ್ಸ್‌ಗೆ ದಕ್ಕಿತು. ನವೆಂಬರಿನಲ್ಲಿ ಪೆಸಿಫಿಕ್ ಕಾಲೇಜಿನ ಬಲಿಷ್ಠ ತಂಡವನ್ನು ಅದರ ಊರಿನಲ್ಲೇ 47-14ರಿಂದ ಸೋಲಿಸಿದ್ದು ಋತುವಿನ ಶಿಖರ.

ಋತು ಮುಗಿದಾಗ ಮ್ಯಾಟ್ಸನ್ ಓಡಿ ಗಳಿಸಿದ್ದು 1,566 ಗಜ, ಟಚ್‌ಡೌನ್‌ಗಳು 21. ಓಟದ ಗಳಿಕೆಯಲ್ಲಿ ದೇಶಕ್ಕೇ ಮೊದಲಿಗ. ಒಂಬತ್ತು ಪಂದ್ಯಗಳಲ್ಲಿ ತಂಡ ಗಳಿಸಿದ್ದು 286 ಅಂಕ, ಬಿಟ್ಟುಕೊಟ್ಟದ್ದು 72.

ಬೆಚ್ಚನೆಯ ಊರುಗಳ ನಿಯಮ

ಇಂಥ ತಂಡಕ್ಕೆ ಆಹ್ವಾನ ಏಕೆ ಸಿಗಲಿಲ್ಲ? ಉತ್ತರ ಅಮೆರಿಕದ ಭೂಪಟದಲ್ಲಿದೆ.

ಜನವರಿಯಲ್ಲಿ ಅಮೆರಿಕದ ಉತ್ತರ ಭಾಗ ಹಿಮದಡಿ ಮಲಗಿರುತ್ತದೆ. ಹಾಗಾಗಿ ಬೌಲ್ ಪಂದ್ಯಗಳು ಬೆಳೆದದ್ದು ಬೆಚ್ಚನೆಯ ದಕ್ಷಿಣದ ಊರುಗಳಲ್ಲಿ: ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಡಲ್ಲಾಸ್‌ನಲ್ಲಿ ಕಾಟನ್ ಬೌಲ್, ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಒಂದಿತ್ತಾದರೂ ಅದು ಎರಡು ದೊಡ್ಡ ಒಕ್ಕೂಟಗಳ ತಂಡಗಳಿಗೆ ಮೀಸಲು. ಯಾವ ಒಕ್ಕೂಟಕ್ಕೂ ಸೇರದ ಡಾನ್ಸ್‌ಗೆ ಆ ಬಾಗಿಲು ಮುಚ್ಚಿತ್ತು. ಅವರು ಋತುವಿನ ಕೊನೆಯ ಪಂದ್ಯವನ್ನು ಅದೇ ಕ್ರೀಡಾಂಗಣದಲ್ಲಿ ಆಡಿದರೂ ಹೊಸ ವರ್ಷಕ್ಕೆ ದಕ್ಷಿಣದತ್ತಲೇ ನೋಡಬೇಕಿತ್ತು.

ದಕ್ಷಿಣದ ರಾಜ್ಯಗಳಲ್ಲಿ ಆಗ ‘ಜಿಮ್ ಕ್ರೋ’ ಎಂದು ಕುಖ್ಯಾತವಾದ ವರ್ಣಭೇದ ಕಾನೂನುಗಳು ಜಾರಿಯಲ್ಲಿದ್ದವು. ಶಾಲೆ, ರೈಲು, ಬಸ್ಸು, ಹೋಟೆಲು, ಕುಡಿಯುವ ನೀರಿನ ನಲ್ಲಿ ಎಲ್ಲದರಲ್ಲೂ ಬಿಳಿಯರಿಗೆ ಒಂದು, ಕರಿಯರಿಗೆ ಇನ್ನೊಂದು. ನಮ್ಮ ‘ಪಂಕ್ತಿಭೇದ’ ಎಂಬ ಮಾತು ಈ ವ್ಯವಸ್ಥೆಗೆ ಚೆನ್ನಾಗಿ ಒಪ್ಪುತ್ತದೆ. ಆಟದ ಅಂಗಳದಲ್ಲೂ ಅದೇ ರೂಢಿ. ಉತ್ತರದ ತಂಡಗಳು ದಕ್ಷಿಣಕ್ಕೆ ಹೋಗುವಾಗ ತಮ್ಮ ಕಪ್ಪು ಆಟಗಾರನನ್ನು ಹೊರಗಿಡುವುದು ಅಲಿಖಿತ ಒಪ್ಪಂದ. ಬೋಸ್ಟನ್ ಕಾಲೇಜಿನ ಲೂ ಮಾಂಟ್‌ಗೊಮರಿ 1940ರ ಕಾಟನ್ ಬೌಲ್‌ನಲ್ಲೂ 1941ರ ಶುಗರ್ ಬೌಲ್‌ನಲ್ಲೂ ಹೀಗೆಯೇ ಆಡದೆ ಉಳಿದ.

ರೂಢಿ ಅಲ್ಲಲ್ಲಿ ಬಿರುಕು ಬಿಟ್ಟದ್ದೂ ಉಂಟು. 1948ರಲ್ಲಿ ಪೆನ್ ಸ್ಟೇಟ್ ತಂಡ ಇಬ್ಬರು ಕಪ್ಪು ಆಟಗಾರರೊಂದಿಗೆ ಡಲ್ಲಾಸ್‌ನಲ್ಲಿ ಆಡಿತ್ತು. ಆದರೆ ಗಾಳಿ ಇನ್ನೂ ಬಿಸಿಯಾಗಿಯೇ ಇತ್ತು. ಡಾನ್ಸ್ ಗೆಲುವಿನ ಹಾದಿಯಲ್ಲಿದ್ದಾಗಲೇ, 1951ರ ಅಕ್ಟೋಬರ್ 20ರಂದು, ಓಕ್ಲಹಾಮಾದ ಸ್ಟಿಲ್‌ವಾಟರ್‌ನಲ್ಲಿ ಡ್ರೇಕ್ ವಿಶ್ವವಿದ್ಯಾಲಯದ ಕಪ್ಪು ಆಟಗಾರ ಜಾನಿ ಬ್ರೈಟ್‌ನ ದವಡೆಯನ್ನು ಎದುರಾಳಿಯೊಬ್ಬ ಗುದ್ದಿ ಮುರಿದ. ಆಗ ಬ್ರೈಟ್ ಬಳಿ ಚೆಂಡೂ ಇರಲಿಲ್ಲ. ಆ ಘಟನೆಯ ಛಾಯಾಚಿತ್ರಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

‘ಇಬ್ಬರನ್ನು ಬಿಟ್ಟು ಬನ್ನಿ’

ಡಾನ್ಸ್‌ಗೂ ಅಂಥದೇ ಸೂಚನೆ ಬಂತು. ಮ್ಯಾಟ್ಸನ್ ಮತ್ತು ಟೋಲರ್ ಅವರನ್ನು ಬಿಟ್ಟು ಬರುವುದಾದರೆ ಆಹ್ವಾನ ಸಿಗಬಹುದು ಎಂಬುದು ಅದರ ಸಾರ. ತಂಡದಲ್ಲಿದ್ದವರು ಮುಂದೆ ಅನೇಕ ಸಲ ನೆನಪಿಸಿಕೊಂಡಂತೆ, ಈ ವಿಷಯದಲ್ಲಿ ದೊಡ್ಡ ಚರ್ಚೆ, ಭಾಷಣ, ಮತದಾನ ಯಾವುದೂ ನಡೆಯಲಿಲ್ಲ. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲ. ಅಷ್ಟೇ.

ಬಹಿರಂಗವಾಗಿ ಹೇಳಿದ ಕಾರಣ ಬೇರೆ: ತಂಡ ಎದುರಿಸಿದ ಎದುರಾಳಿಗಳು ದುರ್ಬಲರು ಎಂಬುದು. ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಡಾನ್ಸ್ ಸೇನಾ ಶಿಬಿರಗಳ ತಂಡಗಳ ವಿರುದ್ಧವೂ ಆಡಿತ್ತು. ದೊಡ್ಡ ವಿಶ್ವವಿದ್ಯಾಲಯಗಳು ಅದರ ಪಟ್ಟಿಯಲ್ಲಿ ಕಡಿಮೆ. ಪತ್ರಕರ್ತರ ಮತದಾನದಲ್ಲಿ ಅದಕ್ಕೆ ದಕ್ಕಿದ್ದು ದೇಶದಲ್ಲಿ 14ನೆಯ ಸ್ಥಾನ. ಆದರೆ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ನಡೆಯುವ ಸನ್ ಬೌಲ್‌ಗೆ ಆ ವರ್ಷ ಆಹ್ವಾನ ಪಡೆದ ತಂಡ ಯಾವುದು? ಡಾನ್ಸ್ ಕೈಯಲ್ಲಿ 33 ಅಂಕಗಳಿಂದ ಸೋತ ಅದೇ ಪೆಸಿಫಿಕ್ ಕಾಲೇಜು. ಸೋತವರು ಅರ್ಹರು, ಗೆದ್ದವರು ಅನರ್ಹರು ಎಂಬ ಲೆಕ್ಕ ‘ದುರ್ಬಲ ಎದುರಾಳಿ’ ಎಂಬ ಕಾರಣಕ್ಕೆ ಹೊಂದುವುದಿಲ್ಲ.

ತೆತ್ತ ಬೆಲೆ

‘ಇಲ್ಲ’ ಎಂಬ ಮಾತಿಗೆ ಬೆಲೆ ಇತ್ತು. ಫುಟ್‌ಬಾಲ್ ದುಬಾರಿ ಆಟ. ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಪ್ರೇಕ್ಷಕರನ್ನು ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾದಂಥ ದೊಡ್ಡ ವಿಶ್ವವಿದ್ಯಾಲಯಗಳು ಸೆಳೆಯುತ್ತಿದ್ದವು. 1946ರಲ್ಲಿ ಆರಂಭವಾದ ವೃತ್ತಿಪರ ತಂಡ ಫಾರ್ಟಿನೈನರ್ಸ್ ಡಾನ್ಸ್ ಆಡುತ್ತಿದ್ದ ಕೆಜಾರ್ ಕ್ರೀಡಾಂಗಣದಲ್ಲೇ ಆಡುತ್ತಿತ್ತು. ಪಕ್ಕದ ಸೇಂಟ್ ಮೇರೀಸ್ ಕಾಲೇಜು 1950ರ ಋತುವಿನ ನಂತರವೇ ಫುಟ್‌ಬಾಲ್ ಕೈಬಿಟ್ಟಿತ್ತು. ಬೌಲ್ ಪಂದ್ಯದ ಹಣ ಬಂದಿದ್ದರೆ ಡಾನ್ಸ್ ಇನ್ನಷ್ಟು ಕಾಲ ಉಳಿಯುತ್ತಿತ್ತೇನೋ. ಅದೂ ತಪ್ಪಿತು. ನಷ್ಟ ತಾಳಲಾರದೆ ವಿಶ್ವವಿದ್ಯಾಲಯ ತಂಡವನ್ನು ಮುಚ್ಚಿತು. ಸಾಂಟಾ ಕ್ಲಾರಾ, ಲೊಯೊಲಾ ಕೂಡ ಅದೇ ದಾರಿ ಹಿಡಿದವು.

ಹೀಗೆ ಸಂಸ್ಥೆಯ ಇತಿಹಾಸದ ಅತ್ಯುತ್ತಮ ಋತುವೇ ಆ ಮಟ್ಟದ ಕೊನೆಯ ಋತುವೂ ಆಯಿತು.

ಆಟಗಾರರು ಮಾತ್ರ ಮರೆಯಾಗಲಿಲ್ಲ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು, ಬಳಿಕ ವೃತ್ತಿಪರ ಫುಟ್‌ಬಾಲಿನ ದೊಡ್ಡ ಹೆಸರಾದ. 1959ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಅವನೊಬ್ಬನನ್ನು ಪಡೆಯಲು ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ‘ಹಾಲ್ ಆಫ್ ಫೇಮ್’ ಸೇರಿದರು. ಒಂದೇ ಕಾಲೇಜು ತಂಡದಿಂದ ಮೂವರು! ಸುದ್ದಿ ಹಂಚುತ್ತಿದ್ದ ರೋಜೆಲ್ 1960ರಿಂದ 1989ರವರೆಗೆ ವೃತ್ತಿಪರ ಲೀಗ್‌ನ ಆಯುಕ್ತನಾಗಿ ಅದನ್ನು ಬೃಹತ್ ಉದ್ಯಮವಾಗಿಸಿದ.

ಟೋಲರ್‌ನ ದಾರಿ ಬೇರೆ. 1952ರಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟಾಗಿ ಆಟವೇ ನಿಂತುಹೋಯಿತು. ಅವನು ಮೇಷ್ಟ್ರಾದ, ಮುಂದೆ ಶಾಲೆಯ ಪ್ರಾಂಶುಪಾಲನಾದ. ಜೊತೆಗೆ 1965ರಲ್ಲಿ ವೃತ್ತಿಪರ ಲೀಗ್‌ನ ಮೊದಲ ಕಪ್ಪು ತೀರ್ಪುಗಾರನಾಗಿ ನೇಮಕಗೊಂಡ.

ದಕ್ಷಿಣದ ಗೋಡೆಯೂ ನಿಧಾನವಾಗಿ ಕುಸಿಯಿತು. 1956ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಬಾಬಿ ಗ್ರೀಯರ್ ಶುಗರ್ ಬೌಲ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾದ. ಅದನ್ನು ತಡೆಯಲು ಜಾರ್ಜಿಯಾದ ಗವರ್ನರ್ ಬಹಿರಂಗವಾಗಿ ಯತ್ನಿಸಿ ಸೋತಿದ್ದ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಜಿಮ್ ಕ್ರೋ ವ್ಯವಸ್ಥೆಗೆ ಬಲವಾದ ಪೆಟ್ಟು ಕೊಟ್ಟಿತು.

ಸ್ಯಾನ್‌ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 2006ರಲ್ಲಿ ಆ ತಂಡದ ಬದುಕುಳಿದ ಸದಸ್ಯರಿಗೆ ಗೌರವ ಪದವಿ ನೀಡಿತು. ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ ತೀರಿಕೊಂಡರು. 2017ರಲ್ಲಿ ವಿಶ್ವವಿದ್ಯಾಲಯ ತನ್ನ ಒಂದು ವಿದ್ಯಾರ್ಥಿ ನಿಲಯಕ್ಕೆ ಟೋಲರ್ ಹೆಸರಿಟ್ಟಿತು. ಅಲ್ಲಿಯವರೆಗೆ ಆ ಕಟ್ಟಡಕ್ಕೆ ಇದ್ದದ್ದು, 1920ರ ಚುನಾವಣೆಯಲ್ಲಿ ‘ಕ್ಯಾಲಿಫೋರ್ನಿಯಾ ಬಿಳಿಯದಾಗಿಯೇ ಇರಲಿ’ ಎಂದು ಪ್ರಚಾರ ಮಾಡಿದ್ದ ಸೆನೆಟರ್ ಜೇಮ್ಸ್ ಫೆಲನ್ ಹೆಸರು.

ಅದಕ್ಕೂ ಮೊದಲೇ, 1980ರ ಜನವರಿಯಲ್ಲಿ, ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ ಬರ್ಲ್ ಟೋಲರ್ ತೀರ್ಪುಗಾರನಾಗಿ ಅಂಗಳಕ್ಕಿಳಿದಿದ್ದ. ಆ ಗೌರವ ಪಡೆದ ಮೊದಲ ಕಪ್ಪು ತೀರ್ಪುಗಾರ ಅವನೇ. ಪಂದ್ಯ ನಡೆದದ್ದು ಪಸಡೀನಾದ ರೋಸ್ ಬೌಲ್‌ನಲ್ಲಿ. 28 ವರ್ಷಗಳ ಹಿಂದೆ ಅವನ ತಂಡ ಒಂಬತ್ತನೆಯ ಗೆಲುವು ಪಡೆದು, ಆಹ್ವಾನಕ್ಕಾಗಿ ಕಾಯುತ್ತ ಹೊರನಡೆದಿದ್ದ ಅದೇ ಅಂಗಳದಲ್ಲಿ.