ಅಂಗಡಿ ಯಾರದು?

ನಮ್ಮ ತಳಕಲ್ಲಿನಲ್ಲಿ ಮನೆಗೆ ಬಂದವರಿಗೆ ಕೊಡುವುದು ಚಹಾ. ನನಗೆ ಕಾಫಿಯ ರುಚಿ ಹತ್ತಿಸಿದ್ದು ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್. ಒಂದೇ ಕಪ್ಪು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕೂತರೂ ಪೇಟ ಸುತ್ತಿದ ಆ ಮಾಣಿಗಳು ಏಳಿ ಎಂದವರಲ್ಲ. 2009ರ ಏಪ್ರಿಲ್‌ನಲ್ಲಿ ಅದು ಬಾಗಿಲು ಹಾಕಿದಾಗ ನೆಂಟರ ಮನೆಯೊಂದು ಕಳೆದುಹೋದಂತಾಯಿತು.

ಆದರೆ ಕಾಫಿ ಹೌಸಿಗೆ ಮುಚ್ಚುವ ಸಂಕಟ ಹೊಸದಲ್ಲ. ದೇಶದೊಳಗೆ ಕಾಫಿಗೆ ಗಿರಾಕಿಗಳನ್ನು ಹುಡುಕಲು ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. 1950ರ ದಶಕದಲ್ಲಿ ಕಾಫಿ ಮಂಡಳಿ ಇವುಗಳನ್ನು ಮುಚ್ಚತೊಡಗಿ, ನೌಕರರು ಬೀದಿಗೆ ಬಿದ್ದರು. ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಅವರು ಸಹಕಾರ ಸಂಘ ಕಟ್ಟಿ, ಹೋಟೆಲುಗಳನ್ನು ತಾವೇ ನಡೆಸಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯ ಜಾಗ ಕೈಬಿಟ್ಟಾಗಲೂ ಕಾಫಿ ಹೌಸ್ ಪಕ್ಕದ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹಚ್ಚಿತು.

ಅದೇ ಆಸುಪಾಸಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಶುರುವಾದ ಕೆಫೆ ಕಾಫಿ ಡೇ ದೇಶದ ತುಂಬ ಸಾವಿರಕ್ಕೂ ಹೆಚ್ಚು ಮಳಿಗೆ ತೆರೆಯಿತು. 2019ರಲ್ಲಿ ಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡರು, ಸಾಲದ ಹೊರೆಯ ಮೇಲೆ ಕೋವಿಡ್ ಬಂತು, ನೂರಾರು ಮಳಿಗೆಗಳು ಮುಚ್ಚಿದವು. ಅಲ್ಲಿಯೂ ನನ್ನಂಥ ಕಾಯಂ ಗಿರಾಕಿಗಳಿದ್ದರು.

ಗಿರಾಕಿಯ ಪ್ರೀತಿ ಅಂಗಡಿಯನ್ನು ಉಳಿಸುತ್ತದೆ ಎಂದು ನಂಬಿದ್ದೆ. ಹಾಗಲ್ಲ. ನಾವು ನೆನಪು ಮಾಡಿಕೊಂಡು ಮರುಗಿದೆವು, ಅಷ್ಟೇ. ಕಾಫಿ ಹೌಸನ್ನು ಉಳಿಸಿಕೊಂಡವರು ಕಪ್ಪು ತಂದಿಡುತ್ತಿದ್ದವರು; ಅಂಗಡಿ ಅವರದಾಗಿತ್ತು.